ಎಂಜಿನ್ ಆಯಿಲ್ ಎಷ್ಟು ಲೀಟರ್? ಪುಸ್ತಕ, ಗೇಜು, ತಕ್ಕಡಿ

ಹಾಸನದ ಕಡೆ ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಓದುತ್ತಿರುವವರಿಗೆ, ಹಾಗೇ ಮನೆಯಲ್ಲೇ ಆಯಿಲ್ ಚೇಂಜ್ ಮಾಡಿಕೊಳ್ಳುವವರಿಗೆ ಈ ಟಿಪ್ಪಣಿ. ಡ್ರೈನ್ ಬೋಲ್ಟ್ ಬಿಚ್ಚುವುದು, ವಾಷರ್ ಬದಲಿಸುವುದು, ಫಿಲ್ಟರ್ ಕೂರಿಸುವುದು ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟಿದ್ದೇನೆ. ತಲೆ ತಿಂದಿದ್ದು ಒಂದೇ ಪ್ರಶ್ನೆ. ಡಬ್ಬದಿಂದ ಎಷ್ಟು ಸುರಿಯಬೇಕು?

ಮೊದಲೇ ಒಂದು ಮಾತು. ಎಂಜಿನ್ನಿನ ಸಿಸಿಗೂ ಆಯಿಲ್ ಅಳತೆಗೂ ನೇರ ಸಂಬಂಧ ಇಲ್ಲ. 2.2 ಲೀಟರ್ ಎಂಜಿನ್ ಅಂದರೆ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುವ ಜಾಗದ ಲೆಕ್ಕ. ಆಯಿಲ್ ನಿಲ್ಲುವುದು ಕೆಳಗಿನ ಚೇಂಬರಿನಲ್ಲಿ. ಚೇಂಬರ್ ಎಷ್ಟು ದೊಡ್ಡದು ಅನ್ನುವುದನ್ನು ಸಿಸಿ ಹೇಳುವುದಿಲ್ಲ. ಎರಡರಲ್ಲೂ ಲೀಟರ್ ಅಂತ ಬರುವುದರಿಂದ ವೈವಾದಲ್ಲಿ ಇದನ್ನೇ ತಿರುಗಿಸಿ ಕೇಳುತ್ತಾರೆ, ಹುಷಾರು.

ಒಂದೇ ಎಂಜಿನ್, ಮೂರು ಅಳತೆ

ನನಗೆ ಕಗ್ಗಂಟಾಗಿದ್ದು ಇದು. ಆದ್ದರಿಂದ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಒಂದು ಬೈಕಿನ ಪುಸ್ತಕದಲ್ಲಿ ‘ಡ್ರೈನ್ ಮಾಡಿದಾಗ 1.0 ಲೀಟರ್, ಎಂಜಿನ್ ಬಿಚ್ಚಿದಾಗ 1.2 ಲೀಟರ್’ ಅಂತ ಇದೆ ಎಂದಿಟ್ಟುಕೊಳ್ಳಿ. ಓದಿದ ಕೂಡಲೇ ಬರುವ ಅನುಮಾನ: ಎಂಜಿನ್ ಒಂದೇ, ಬೋಲ್ಟ್ ಒಂದೇ, ಹಳೇ ಆಯಿಲ್ ಪೂರ್ತಿ ಇಳಿಸಿದ್ದೇವೆ. ಹಾಗಾದರೆ 200 ಮಿಲಿ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ ‘ಪೂರ್ತಿ’ ಅನ್ನುವುದರಲ್ಲೇ ಇದೆ. ಪೂರ್ತಿ ಇಳಿಯುವುದೇ ಇಲ್ಲ. ಕೊಬ್ಬರಿ ಎಣ್ಣೆ ಬಾಟ್ಲಿಯನ್ನು ರಾತ್ರಿಯಿಡೀ ಬೋರಲು ಹಾಕಿದರೂ ಒಳಮೈಗೆ ಒಂದಿಷ್ಟು ಅಂಟಿಕೊಂಡೇ ಇರುತ್ತೆ, ಅಲ್ವಾ? ಎಂಜಿನ್ನಿನ ಒಳಗೂ ಹಾಗೇ. ಆಯಿಲ್ ಪಂಪಿನ ಒಳಗೆ, ಕ್ರ್ಯಾಂಕಿನ ಸಣ್ಣ ತೂತುಗಳಲ್ಲಿ, ಹೆಡ್ಡಿನ ಗುಂಡಿಗಳಲ್ಲಿ, ಕ್ಲಚ್ ಪ್ಲೇಟುಗಳ ಸಂದಿಯಲ್ಲಿ ಹಳೇ ಆಯಿಲ್ ಉಳಿಯುತ್ತದೆ. ಎಂಜಿನ್ ಬಿಚ್ಚಿ ತೊಳೆದು ಒರೆಸಿ ಕಟ್ಟಿದಾಗ ಈ ಜಾಗಗಳೆಲ್ಲ ಒಣಗಿರುತ್ತವೆ. ಹೊಸ ಆಯಿಲ್ ಮೊದಲು ಅವನ್ನು ತುಂಬಿಕೊಂಡು ಆಮೇಲೆ ಚೇಂಬರಿಗೆ ಬರಬೇಕು. ಆ ಜಾಗಗಳ ಲೆಕ್ಕವೇ ಹೆಚ್ಚಿನ 200 ಮಿಲಿ.

ಈಗ ಸಾಮಾನ್ಯ ಆಯಿಲ್ ಚೇಂಜಿಗೆ 1.2 ಸುರಿದರೆ? ಒಳಗೆ ಉಳಿದಿದ್ದ 200 ಮಿಲಿ ಜೊತೆ ಸೇರಿ 1.4 ಆಯಿತು. ಸಣ್ಣ ಎಂಜಿನ್ನಿಗೆ ಇದು ದೊಡ್ಡ ಹೆಚ್ಚಳ. ಎಂಜಿನ್ ಕಟ್ಟಿದ ಮೇಲೆ ಬರೀ 1.0 ಹಾಕಿದರೆ ಉಲ್ಟಾ, 200 ಕಡಿಮೆ. ಅಂದರೆ ‘ಈ ಬೈಕಿಗೆ ಎಷ್ಟು’ ಅಂತ ಕೇಳಿದರೆ ಅರ್ಧ ಪ್ರಶ್ನೆ ಕೇಳಿದ ಹಾಗೆ. ‘ಯಾವ ಕೆಲಸ ಮಾಡಿದ ಮೇಲೆ ಎಷ್ಟು’ ಅಂತ ಕೇಳಬೇಕು.

ಕಾರು, ಜೀಪಿಗೆ ಬಂದರೆ ನಡುವೆ ಇನ್ನೊಂದು ಅಳತೆ ಸೇರಿಕೊಳ್ಳುತ್ತದೆ: ಫಿಲ್ಟರ್ ಬದಲಿಸಿದಾಗ. ಡಬ್ಬದಂಥ ಫಿಲ್ಟರ್ ತನ್ನ ಹೊಟ್ಟೆಯೊಳಗೇ ಒಂದಿಷ್ಟು ಆಯಿಲ್ ಹಿಡಿದಿಟ್ಟುಕೊಳ್ಳುತ್ತದೆ. ಹೊಸದು ಖಾಲಿ ಬರುತ್ತದೆ. ಆದ್ದರಿಂದ ಫಿಲ್ಟರ್ ಸಮೇತದ ಅಳತೆ ಯಾವಾಗಲೂ ಜಾಸ್ತಿ. ಪುಸ್ತಕದಲ್ಲಿ ಒಂದೇ ಅಂಕಿ ಕಂಡರೆ ಅದು ಈ ಮೂರರಲ್ಲಿ ಯಾವುದು ಅಂತ ಅದರ ಪಕ್ಕದ ಸಣ್ಣಕ್ಷರ ಓದಿ. ಅಂಕಿ ಮಾತ್ರ ಬರೆದುಕೊಂಡು ಬಂದರೆ ಉಪಯೋಗ ಇಲ್ಲ.

ಅಳತೆ ಗಾಡಿಯದಲ್ಲ, ಎಂಜಿನ್ನಿನದು

ಹೊಸ ಕಾರಿಗೆ ಈ ಭಾಗ ಬೇಕಾಗಲ್ಲ. ಆದರೂ ಅದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿಗೆ ಒಂದು, ಡೀಸೆಲ್ಲಿಗೆ ಇನ್ನೊಂದು ಅಳತೆ ಇರುತ್ತದೆ. ಮಾದರಿಯ ವರ್ಷ ಬದಲಾದಾಗ ಎಂಜಿನ್ನೂ ಬದಲಾಗಿರಬಹುದು. ಆರ್‌ಸಿಯಲ್ಲಿರುವ ಇಂಧನ, ಎಂಜಿನ್ ನಂಬರ್ ನೋಡಿಕೊಂಡೇ ಪುಸ್ತಕದ ಪುಟ ತೆಗೆಯಿರಿ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ತೋಟದ ಜೀಪುಗಳ ಕಥೆ ಬೇರೆ. ಮಹೀಂದ್ರದ ಹಳೇ ಸಿಜೆ-3ಬಿ ಜೀಪಿಗೆ ಮೂಲದಲ್ಲಿ ಇದ್ದದ್ದು ಅಮೆರಿಕದ ವಿಲ್ಲೀಸ್‌ನ ಹರಿಕೇನ್ ಪೆಟ್ರೋಲ್ ಎಂಜಿನ್, 134 ಘನ ಇಂಚು, ಅಂದರೆ ಸುಮಾರು 2.2 ಲೀಟರ್. ಪೆಟ್ರೋಲ್ ಖರ್ಚು ತಾಳಲಾರದೆ ಆಮೇಲೆ ಡೀಸೆಲ್ ಎಂಜಿನ್ ಇಳಿಸಿಕೊಂಡವರು ಬಹಳ. ಬಾಡಿ ಒಂದು, ಎಂಜಿನ್ ಇನ್ನೊಂದು, ಕೆಲವು ಕಡೆ ಗೇರ್‌ಬಾಕ್ಸ್ ಮೂರನೆಯದು. ಬಾಡಿ ನೋಡಿ ವಿಲ್ಲೀಸ್ ಪುಸ್ತಕ ತೆರೆದರೆ ಕೆಲಸ ಕೆಟ್ಟಿತು. ಬ್ಲಾಕಿನ ಪಕ್ಕದ ಮಣ್ಣು, ಗ್ರೀಸು ಕೆರೆದು ಎಂಜಿನ್ ನಂಬರ್ ಓದಿ. ಅದು ಯಾವ ಎಂಜಿನ್ ಅಂತ ಗೊತ್ತಾದ ಮೇಲೇ ಪುಸ್ತಕ.

ಮೂಲ ಎಂಜಿನ್ನೇ ಇದ್ದರೂ ಇನ್ನೊಂದು ತೊಡಕು ಕಾದಿರುತ್ತದೆ. ವಿಲ್ಲೀಸ್ ಪುಸ್ತಕದ ಲೆಕ್ಕ ಕ್ವಾರ್ಟಿನಲ್ಲಿದೆ: 4 ಕ್ವಾರ್ಟ್, ಫಿಲ್ಟರ್ ಬದಲಿಸಿದರೆ 5. ಕ್ವಾರ್ಟ್ ಎಂದರೆ ಲೀಟರ್ ಅಂದುಕೊಂಡರೂ ದೊಡ್ಡ ಅನಾಹುತವೇನೂ ಆಗಲ್ಲ, ಯಾಕೆಂದರೆ ಅಮೆರಿಕದ ಕ್ವಾರ್ಟ್ 0.946 ಲೀಟರ್. 5 ಕ್ವಾರ್ಟ್ ಅಂದರೆ 4.73 ಲೀಟರ್. ಅನಾಹುತ ಆಗುವುದು ಬ್ರಿಟನ್ನಿನ ಕ್ವಾರ್ಟ್ ಹಿಡಿದಾಗ. ಅದು 1.137 ಲೀಟರ್. ಅದರ ಲೆಕ್ಕದಲ್ಲಿ 5 ಕ್ವಾರ್ಟ್ 5.68 ಲೀಟರ್ ಆಗುತ್ತದೆ. ಹತ್ತಿರ ಹತ್ತಿರ ಒಂದು ಲೀಟರ್ ಜಾಸ್ತಿ! ಮೊಬೈಲಿನಲ್ಲಿ ಬದಲಾಯಿಸುವಾಗ ಎರಡೂ ಆಯ್ಕೆ ಅಕ್ಕಪಕ್ಕದಲ್ಲೇ ಬರುತ್ತವೆ. ಪುಸ್ತಕ ಅಚ್ಚಾದ ದೇಶ ಯಾವುದು ನೋಡಿ. ಅಮೆರಿಕದ ಜೀಪಿಗೆ ಅಮೆರಿಕದ ಕ್ವಾರ್ಟ್, ಇಂಗ್ಲೆಂಡಿನ ಹಳೇ ಗಾಡಿಗೆ ಅಲ್ಲಿನ ಪೈಂಟ್ (0.568 ಲೀಟರ್) ಮತ್ತು ಕ್ವಾರ್ಟ್.

ಪುಸ್ತಕವೇ ಇಲ್ಲದಿದ್ದರೆ: ತಕ್ಕಡಿ

ಇದು ನನಗೆ ಬಲು ಇಷ್ಟವಾದ ದಾರಿ. ಎಂಜಿನ್ ಯಾವುದು ಅಂತ ಗೊತ್ತಾಗದ ಜೀಪಿಗೂ ನಡೆಯುತ್ತದೆ. ಒಂದೇ ಷರತ್ತು, ಗೇಜು (ಆಯಿಲ್ ಮಟ್ಟ ನೋಡುವ, ಗೆರೆ ಹಾಕಿದ ಕಡ್ಡಿ) ಆ ಎಂಜಿನ್ನಿನದ್ದೇ ಆಗಿರಬೇಕು, ತುದಿ ಮುರಿದಿರಬಾರದು, ಗೇಜ್ ಪೈಪು ಕತ್ತರಿಸಿರಬಾರದು.

ಹಳೇ ಆಯಿಲ್ ಇಳಿಸುವ ಮೊದಲೇ ಗೇಜ್ ನೋಡಿ. ಮೇಲಿನ ಗೆರೆಗಿಂತ ಕೆಳಗಿದ್ದರೆ ಸ್ವಲ್ಪ ಸ್ವಲ್ಪ ಹಾಕಿ ಸರಿಯಾಗಿ ಮೇಲಿನ ಗೆರೆಗೆ ತನ್ನಿ. ಹೇಗೂ ಚೆಲ್ಲುವ ಆಯಿಲಿಗೆ ಹೊಸದು ಯಾಕೆ ಸೇರಿಸಬೇಕು ಅಂತ ಅನಿಸುತ್ತದೆ. ಆದರೆ ಈ ಹೆಜ್ಜೆ ಬಿಟ್ಟರೆ ಉಳಿದಿದ್ದೆಲ್ಲ ಸುಮ್ನೆ. ಇಳಿದ ಆಯಿಲ್ ಅಳೆದರೆ ಗೊತ್ತಾಗುವುದು ಒಳಗೆ ಎಷ್ಟಿತ್ತು ಅನ್ನುವುದು ಮಾತ್ರ, ಎಷ್ಟಿರಬೇಕು ಅನ್ನುವುದಲ್ಲ. ಗೆರೆಗೆ ತಂದು ಇಳಿಸಿದಾಗ ಅವೆರಡೂ ಒಂದೇ ಆಗುತ್ತವೆ.

ಆಮೇಲೆ ಎಂಜಿನ್ ಬಿಸಿ ಮಾಡಿ, ಖಾಲಿ ಕ್ಯಾನಿಗೆ ಇಳಿಸಿ, ಹನಿ ನಿಲ್ಲುವ ತನಕ ಬಿಡಿ. ಕ್ಯಾನನ್ನು ತಕ್ಕಡಿ ಮೇಲಿಡಿ. ತೋಟದ ಮನೆಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇದ್ದೇ ಇರುತ್ತದಲ್ಲ. ಲೀಟರ್ ಜಗ್ಗಿಗಿಂತ ತೂಕವೇ ಮೇಲು. ಕಪ್ಪು ಆಯಿಲ್ ಜಗ್ಗಿನ ಗೋಡೆಗೆ ಅಂಟುತ್ತದೆ, ಗೆರೆ ಕಾಣಲ್ಲ, ನೊರೆ ಬೇರೆ.

ಎಂಜಿನ್ ಆಯಿಲ್ ಲೀಟರಿಗೆ ಸುಮಾರು 0.85ರಿಂದ 0.89 ಕೆಜಿ ತೂಗುತ್ತದೆ. ನಾನು 0.88 ಹಿಡಿಯುತ್ತೇನೆ. ಒಂದು ಲೆಕ್ಕ ನೋಡಿ. ಕ್ಯಾನ್ ಸಮೇತ 4.10 ಕೆಜಿ, ಖಾಲಿ ಕ್ಯಾನ್ 0.40 ಕೆಜಿ. ಆಯಿಲ್ 3.70 ಕೆಜಿ. 0.88ರಿಂದ ಭಾಗಿಸಿದರೆ 4.2 ಲೀಟರ್. ಇದು ಫಿಲ್ಟರ್ ಬಿಟ್ಟು ಬಂದ ಅಳತೆ. ಇನ್ನು ಹಳೇ ಫಿಲ್ಟರನ್ನು ಬಾಯಿ ಮೇಲೆ ಮಾಡಿ, ಚೆಲ್ಲದಂತೆ ಬಿಚ್ಚಿ ತೂಗಿ. ಹೊಸದನ್ನೂ ತೂಗಿ. ಹಳೆಯದು 0.75, ಹೊಸದು 0.45 ಅಂತಿಟ್ಟುಕೊಂಡರೆ 0.30 ಕೆಜಿ, ಅಂದರೆ ಸುಮಾರು 0.34 ಲೀಟರ್ ಫಿಲ್ಟರಿನ ಪಾಲು. ಒಟ್ಟು ನಾಲ್ಕೂವರೆ ಲೀಟರ್ ಚಿಲ್ಲರೆ. ಕೊಳೆ ಸೇರಿ ಹಳೇ ಫಿಲ್ಟರ್ ಸ್ವಲ್ಪ ಭಾರ ಇರುತ್ತದೆ, ಅಡ್ಡಡ್ಡ ಕೂತ ಫಿಲ್ಟರಾದರೆ ಬಿಚ್ಚುವಾಗಲೇ ಅರ್ಧ ಚೆಲ್ಲುತ್ತದೆ. ಹೀಗಾಗಿ ಇದನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ. ಅಷ್ಟು ಸಾಕು, ಯಾಕೆಂದರೆ ಕೊನೆಯ ತೀರ್ಪು ಗೇಜಿನದು.

ಗೇಜು ಓದುವುದು

ಸಮತಟ್ಟು ಜಾಗ ಬೇಕು. ಹಾಸನ ಪೇಟೆಯಲ್ಲಿ ಇದೊಂದು ವಿಷಯವೇ ಅಲ್ಲ. ಮಲೆನಾಡಿನಲ್ಲಿ ಮನೆ ಅಂಗಳವೇ ಇಳಿಜಾರು. ಗೇಜು ಚೇಂಬರಿನ ಒಂದು ಬದಿಗೆ ಇರುವುದರಿಂದ ಗಾಡಿ ವಾಲಿದರೆ ಓದು ತಪ್ಪುತ್ತದೆ. ಕಾಫಿ ಒಣಗಿಸುವ ಕಣ ಒಳ್ಳೆಯ ಜಾಗ, ಆದರೆ ಅಲ್ಲಿ ಗೇಜ್ ನೋಡುವುದಷ್ಟೇ. ಆಯಿಲ್ ಇಳಿಸುವ ಕೆಲಸ ಕಣದಲ್ಲಿ ಬೇಡ. ಒಂದು ತೊಟ್ಟು ಬಿದ್ದರೂ ಆ ವಾಸನೆ ಕಾಫಿಗೆ ಹತ್ತುತ್ತದೆ ಅಂತ ಮನೆಯವರು ಅಟ್ಟಿಸಿಕೊಂಡು ಬರುತ್ತಾರೆ, ಅದು ನ್ಯಾಯವೇ.

ಬಿಸಿಯಲ್ಲಿ ನೋಡಬೇಕೋ, ತಣ್ಣಗಾದ ಮೇಲೋ? ಎರಡು ಸಂಗತಿ ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತವೆ. ಆಯಿಲ್ ಬಿಸಿಯಾದಾಗ ಹಿಗ್ಗುತ್ತದೆ, 10 ಡಿಗ್ರಿಗೆ ಸುಮಾರು ಶೇ. 0.7. 4 ಲೀಟರ್ ಆಯಿಲ್ 25ರಿಂದ 90 ಡಿಗ್ರಿಗೆ ಹೋದರೆ ಸುಮಾರು 180 ಮಿಲಿ ಹಿಗ್ಗು. ಇನ್ನೊಂದು ಕಡೆ, ಎಂಜಿನ್ ಆಗಷ್ಟೇ ಆಫ್ ಮಾಡಿದ್ದರೆ ಒಂದಿಷ್ಟು ಆಯಿಲ್ ಇನ್ನೂ ಮೇಲೇ ಇರುತ್ತದೆ, ಗೇಜಿಗೆ ಸಿಗಲ್ಲ. ಅದಕ್ಕೇ ಬಹಳಷ್ಟು ಪುಸ್ತಕಗಳು ‘ಬಿಸಿ ಮಾಡಿ, ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ನೋಡಿ’ ಅನ್ನುತ್ತವೆ. ನಿಮ್ಮ ಪುಸ್ತಕ ಏನು ಹೇಳುತ್ತದೋ ಅದೇ ಸರಿ, ಪ್ರತಿ ಸಲ ಒಂದೇ ರೀತಿ ನೋಡಿ.

ಬೈಕಾದರೆ ಡಬಲ್ ಸ್ಟ್ಯಾಂಡ್ ಹಾಕಿ. ಮರೆ (ಸ್ಕ್ರೂ ಥ್ರೆಡ್) ಇರುವ ಗೇಜನ್ನು ತಿರುಗಿಸಿ ಬಿಗಿ ಮಾಡಿ ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಅನ್ನುವುದು ಹಳೇ ಜಗಳ. ಹೋಂಡಾದವರು ಮರೆ ತಿರುಗಿಸದೆ ಇಟ್ಟು ನೋಡಿ ಅನ್ನುತ್ತಾರೆ. ತಿರುಗಿಸಿದರೆ ಗೇಜು ಮರೆಯಷ್ಟು ಉದ್ದ ಕೆಳಗಿಳಿಯುತ್ತದೆ, ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನೀವು ಆಯಿಲ್ ಸಾಕು ಅಂದುಕೊಂಡು ಹೊರಡುತ್ತೀರಿ.

ಸುರಿಯುವ ಕ್ರಮ ಹೀಗೆ. ಲೆಕ್ಕ ಬಂದ ಅಳತೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮೊದಲು ಹಾಕಿ. ಎಂಜಿನ್ ಶುರು ಮಾಡಿ, ಪ್ರೆಷರ್ ಲೈಟ್ ಆರಲಿ, ಫಿಲ್ಟರ್ ತುಂಬಲಿ. ಆಫ್ ಮಾಡಿ ಕಾಯಿರಿ. ಡಿಸೆಂಬರ್ ಚಳಿಯ ಬೆಳಿಗ್ಗೆ ಇನ್ನೂ ಸ್ವಲ್ಪ ಜಾಸ್ತಿ ಕಾಯಿರಿ. ಆಮೇಲೆ 100 ಮಿಲಿಯಂತೆ ಸೇರಿಸುತ್ತಾ ಮೇಲಿನ ಗೆರೆಯ ಹತ್ತಿರ ತನ್ನಿ. ಹೊಸ ಆಯಿಲ್ ತಿಳಿ ಬಣ್ಣದ್ದು, ಗೇಜಿನ ಮೇಲೆ ಸರಿಯಾಗಿ ಕಾಣಲ್ಲ. ಗೇಜನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒದ್ದೆ ಭಾಗ ಮಿನುಗುತ್ತದೆ, ಒಣ ಭಾಗ ಮಂಕು. ಎರಡೂ ಮುಖ ನೋಡಿ, ಕಡಿಮೆ ತೋರಿಸುವುದನ್ನು ನಂಬಿ. ಪೈಪಿಗೆ ಒರೆಸಿಕೊಂಡು ಬಂದ ಆಯಿಲ್ ಇನ್ನೊಂದು ಮುಖವನ್ನು ಒದ್ದೆ ಮಾಡಿರುತ್ತದೆ.

ಜಾಸ್ತಿಯಾದರೆ ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಏಳುತ್ತದೆ, ಪಂಪ್ ಗಾಳಿ ಎಳೆಯುತ್ತದೆ, ಸೀಲುಗಳಿಂದ ಸೋರುತ್ತದೆ, ಹೊಗೆ ಬರುತ್ತದೆ. ಕಡಿಮೆಯಾದರೆ ಘಾಟಿ ತಿರುವುಗಳಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪಿಗೆ ಸಿಗಲ್ಲ. ಚಾರ್ಮಾಡಿಯಲ್ಲಿ ತಿರುಗುವಾಗ ಮಾತ್ರ ಪ್ರೆಷರ್ ಲೈಟ್ ಮಿಣುಕಿದರೆ ಮೊದಲು ಗೇಜ್ ನೋಡಿ. ಹಾಕದೇ ಇದ್ದರೂ ಆಯಿಲ್ ಏರುತ್ತಿದ್ದರೆ ಡೀಸೆಲ್ಲೋ ಕೂಲೆಂಟೋ ಸೇರುತ್ತಿದೆ ಅಂತ ಅರ್ಥ, ಆಗ ಅಳತೆ ಬಿಟ್ಟು ಕಾಯಿಲೆ ಹುಡುಕಬೇಕು.

ಲೆಕ್ಕಕ್ಕೆ ಸಿಗದವು

ಹಳೇ ಕಬ್ಬಿಣದ ಎಂಜಿನ್ ಬುಲೆಟ್ಟಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಪ್ರೈಮರಿ ಚೈನ್ ಮೂರಕ್ಕೂ ಆಯಿಲ್ ಬೇರೆ ಬೇರೆ. ತುಂಬಾ ದಿನ ನಿಂತ ಬುಲೆಟ್ಟಿನಲ್ಲಿ ಆಯಿಲ್ ಟ್ಯಾಂಕಿನಿಂದ ಕ್ರ್ಯಾಂಕ್ ಕಡೆಗೆ ಇಳಿದಿರುತ್ತದೆ, ಗೇಜ್ ಕಡಿಮೆ ತೋರಿಸುತ್ತದೆ. ಶುರು ಮಾಡಿ ಸ್ವಲ್ಪ ಹೊತ್ತು ಓಡಿಸದೆ ಆಯಿಲ್ ಸುರಿಯಬೇಡಿ. ಈಗಿನ ಸಾಮಾನ್ಯ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ಚಿಗೆ ಒಂದೇ ಆಯಿಲ್, ಡಬ್ಬದ ಮೇಲೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಇರಬೇಕು. ಸ್ಕೂಟರಿಗೆ ಗೇರ್ ಆಯಿಲ್ ಬೇರೆ, ಅದನ್ನು ಎಂಜಿನ್ ಲೆಕ್ಕದಲ್ಲಿ ಸೇರಿಸಬೇಡಿ.

ತೋಟದ ಕಳೆ ಹೊಡೆಯುವ ಮೆಷಿನ್ನಿಗೆ ಎಷ್ಟು ಅಂತ ಕೇಳುವವರು ಮೊದಲು ಅದು ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ನೋಡಿ. ಹೋಂಡಾ ಜಿಎಕ್ಸ್35 ಫೋರ್ ಸ್ಟ್ರೋಕ್, ಅದಕ್ಕೆ ಬೇಕಾಗುವುದು 100 ಮಿಲಿ ಮಾತ್ರ. ಟೂ ಸ್ಟ್ರೋಕಿಗೆ ಆಯಿಲ್ ಚೇಂಬರೇ ಇಲ್ಲ. ಪೆಟ್ರೋಲಿಗೇ ಬೆರೆಸಬೇಕು. 50ಕ್ಕೆ 1 ಅಂತ ಬರೆದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ.