ತಂಡ ಸೋತ ರಾತ್ರಿ ಅಭಿಮಾನಿಯ ಮೈಮನಸ್ಸು

‘ಆಡಿದವರು ಯಾರೋ, ಸೋತವರು ಯಾರೋ, ಇವನಿಗೇನಾಯಿತು ಡಾಕ್ಟ್ರೇ?’ ಹಾಸನದಲ್ಲಿ ಮನೋವೈದ್ಯನಾಗಿರುವ ನನಗೆ ಫುಟ್‌ಬಾಲ್ ಋತುವಿನಲ್ಲಿ ಆಗಾಗ ಎದುರಾಗುವ ಪ್ರಶ್ನೆಯಿದು. ಕೇಳುವವರು ಹೆಚ್ಚಾಗಿ ತಾಯಂದಿರು. ಅವರು ಮಗನನ್ನು ಕರೆತಂದಿರುವುದು ನಿದ್ರೆ ಬರುತ್ತಿಲ್ಲವೆಂದೋ ಓದು ತಲೆಗೆ ಹತ್ತುತ್ತಿಲ್ಲವೆಂದೋ; ಪಂದ್ಯದ ವಿಷಯ ಮಾತಿನ ನಡುವೆ, ತುಸು ನಾಚಿಕೆಯೊಡನೆ ಹೊರಬರುತ್ತದೆ. ಆ ನಾಚಿಕೆಯನ್ನು ಹೋಗಲಾಡಿಸಬೇಕೆಂಬುದೇ ಈ ಬರಹದ ಉದ್ದೇಶ. ತಂಡ ಸೋತಾಗ ಅಭಿಮಾನಿಗೆ ಆಗುವ ದುಃಖ ನಿಜವಾದ ದುಃಖವೇ ಆಗಿದ್ದು, ಅದಕ್ಕೆ ಚಿಕಿತ್ಸೆಯ ಅಗತ್ಯ ಬೀಳುವುದು ಅಪರೂಪ. ಆದರೆ ಅದನ್ನು ಒಬ್ಬನೇ, ಯಾರಿಗೂ ಹೇಳಿಕೊಳ್ಳಲಾಗದೆ ನುಂಗಿಕೊಳ್ಳಬೇಕಾಗಿ ಬಂದಾಗ ಅದು ತೊಂದರೆಯ ಕಡೆಗೆ ತಿರುಗುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲು ಮೈಯ ವಿಷಯ. ಪಂದ್ಯ ನೋಡುವವನ ದೇಹಕ್ಕೆ ತಾನು ಆಡುತ್ತಿಲ್ಲ ಎಂಬ ಸಂಗತಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ನಾಡಿಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. 1994ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಇಟಲಿಯನ್ನು ಪೆನಾಲ್ಟಿಗಳಲ್ಲಿ ಮಣಿಸಿದ ದಿನ, ಟಿವಿಯ ಮುಂದೆ ಕುಳಿತಿದ್ದ ಎರಡೂ ಕಡೆಯ ಅಭಿಮಾನಿಗಳ ಜೊಲ್ಲನ್ನು ಸಂಶೋಧಕರು ಪರೀಕ್ಷಿಸಿದ್ದರು. ಗೆದ್ದವರ ಅಭಿಮಾನಿಗಳಲ್ಲಿ ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನು ಏರಿತ್ತು, ಸೋತವರ ಅಭಿಮಾನಿಗಳಲ್ಲಿ ಇಳಿದಿತ್ತು. ಅದು ಕೆಲವೇ ಜನರ ಮೇಲೆ ನಡೆದ ಅಧ್ಯಯನವಾದ್ದರಿಂದ ಅದರ ಮೇಲೆ ಹೆಚ್ಚು ಭಾರ ಹಾಕಬಾರದು. ಆದರೂ ಪಂದ್ಯ ಮುಗಿದ ಮೇಲೆ ಕೈಕಾಲು ಸೋತಂತಾಯಿತು ಎನ್ನುವ ಹುಡುಗನ ಮಾತನ್ನು ನಾನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವುದಿಲ್ಲ.

2025ರ ಜೂನ್–ಜುಲೈನಲ್ಲಿ ಹಠಾತ್ ಹೃದಯಾಘಾತದ ಸುದ್ದಿಗಳಿಂದ ನಡುಗಿದ ಜಿಲ್ಲೆ ನಮ್ಮದು. ಹೀಗಾಗಿ ಪಂದ್ಯ ನೋಡುವುದು ಹೃದಯಕ್ಕೆ ಅಪಾಯವೇ ಎಂದು ಇಲ್ಲಿನವರು ಕೇಳುವುದು ಸಹಜ. 2006ರ ವಿಶ್ವಕಪ್ ಸಮಯದಲ್ಲಿ ಮ್ಯೂನಿಕ್ ಪ್ರದೇಶದಲ್ಲಿ ನಡೆದ ಅಧ್ಯಯನದ ಪ್ರಕಾರ, ಜರ್ಮನಿ ಆಡಿದ ದಿನಗಳಲ್ಲಿ ಹೃದಯಸಂಬಂಧಿ ತುರ್ತು ಪ್ರಕರಣಗಳು ಸಾಮಾನ್ಯ ದಿನಗಳ 2.66 ಪಟ್ಟು ಆಗಿದ್ದವು. ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳಲ್ಲಿ ಅವು ಅತಿ ಹೆಚ್ಚಾಗಿದ್ದವು. 1998ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತಂಡ ಅರ್ಜೆಂಟೀನಾ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತ ದಿನ ಮತ್ತು ಅದರ ಮುಂದಿನ ಎರಡು ದಿನ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಹೃದಯಾಘಾತದ ದಾಖಲಾತಿ ಶೇ 25ರಷ್ಟು ಏರಿತ್ತು. ಮ್ಯೂನಿಕ್‌ನಲ್ಲಿ ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಹೆಚ್ಚು ತೊಂದರೆಯಾಗಿತ್ತು. ಆರೋಗ್ಯವಂತ ಯುವಕ ಇದರಿಂದ ಗಾಬರಿಯಾಗಬೇಕಿಲ್ಲ. ಆದರೆ ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಪಂದ್ಯದ ಗಡಿಬಿಡಿಯಲ್ಲಿ ಅದನ್ನು ಮರೆಯಬಾರದು, ಎದೆ ಬಿಗಿದರೆ ‘ಟೆನ್ಷನ್‌ಗೆ ಹಾಗಾಗಿದೆ’ ಎಂದು ಅಂತಿಮ ಸೀಟಿಯವರೆಗೆ ಕಾಯಬಾರದು.

ಇನ್ನು ಮನಸ್ಸು. ಕರ್ನಾಟಕದ ಅಭಿಮಾನಿಯ ನೋವನ್ನು ತಿಳಿಯಲು ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯೊಂದೇ ಸಾಕು. 2013ರಲ್ಲಿ ಹುಟ್ಟಿದ ಈ ತಂಡ ಮೊದಲ ಋತುವಿನಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದು ಅಭಿಮಾನಿಗಳಿಗೆ ಗೆಲುವಿನ ರೂಢಿ ಮಾಡಿಸಿತು. ಮರುವರ್ಷ, 2015ರ ಮೇ 31ರಂದು, ಕಂಠೀರವ ಕ್ರೀಡಾಂಗಣದಲ್ಲಿ ಗೆದ್ದರೆ ಪ್ರಶಸ್ತಿ ಎಂಬ ಪಂದ್ಯದಲ್ಲಿ ಮುನ್ನಡೆ ಪಡೆದಿದ್ದಾಗ, 87ನೇ ನಿಮಿಷದಲ್ಲಿ, ಡ್ರಾ ಆದರೂ ಸಾಕಿದ್ದ ಕೋಲ್ಕತ್ತದ ಮೋಹನ್ ಬಗಾನ್ ತಂಡ ಸಮ ಮಾಡಿಕೊಂಡು ಪ್ರಶಸ್ತಿಯನ್ನೇ ಒಯ್ದಿತು. 2023ರ ಮಾರ್ಚ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಪೆನಾಲ್ಟಿಗಳಲ್ಲಿ ಕೈತಪ್ಪಿತು. ಮುಂದಿನ ಋತುವಿನಲ್ಲಿ ಅದೇ ತಂಡ ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹತ್ತನೆಯದಾಗಿ ಉಳಿಯಿತು, 2024ರ ಏಪ್ರಿಲ್ 11ರಂದು ತವರಿನಲ್ಲೇ 0–4ರಿಂದ ಸೋತಿತು. ಮತ್ತೊಂದು ವರ್ಷಕ್ಕೆ ಫೈನಲ್ ತಲುಪಿ, ಕೋಲ್ಕತ್ತದಲ್ಲಿ 49ನೇ ನಿಮಿಷದಲ್ಲಿ ಮುನ್ನಡೆ ಪಡೆದೂ ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಕೈಚೆಲ್ಲಿತು.

ಇವುಗಳಲ್ಲಿ ಹೆಚ್ಚು ನೋಯಿಸಿದ್ದು ಯಾವುದು ಎಂದು ಕೇಳಿದರೆ ಬಹುತೇಕ ಅಭಿಮಾನಿಗಳು 0–4ರ ಸೋಲನ್ನು ಹೆಸರಿಸುವುದಿಲ್ಲ. ನಮ್ಮ ಮಿದುಳು ಬರಲಿರುವುದನ್ನು ಮೊದಲೇ ಅಂದಾಜು ಮಾಡಿಟ್ಟುಕೊಳ್ಳುತ್ತದೆ. ನಿರೀಕ್ಷೆಗಿಂತ ಒಳ್ಳೆಯದು ಸಿಕ್ಕಾಗ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು ಚುರುಕಾಗುತ್ತವೆ, ಕೈಗೆ ಬಂದೇಬಿಟ್ಟಿತು ಎಂದುಕೊಂಡದ್ದು ಬಾರದೆ ಹೋದಾಗ ಅವುಗಳ ಚಟುವಟಿಕೆ ಸಾಮಾನ್ಯ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಆದ್ದರಿಂದಲೇ ನಾಲ್ಕು ಗೋಲುಗಳ ಸೋಲಿಗಿಂತ ಕೊನೆಯ ಮೂರು ನಿಮಿಷದಲ್ಲಿ ಕಳೆದುಕೊಂಡ ಗೆಲುವು ಹೆಚ್ಚು ಕಾಲ ಕಾಡುತ್ತದೆ. ಸೋಲುತ್ತಲೇ ಇರುವ ತಂಡವನ್ನು ಬಿಡಲಾಗದಿರುವುದರ ಹಿಂದೆಯೂ ಇದೇ ವ್ಯವಸ್ಥೆಯಿದೆ: ಆಗೊಮ್ಮೆ ಈಗೊಮ್ಮೆ, ಯಾವಾಗ ಎಂದು ಗೊತ್ತಿಲ್ಲದಂತೆ ಸಿಗುವ ಗೆಲುವು ಮನಸ್ಸನ್ನು ನಿಶ್ಚಿತ ಗೆಲುವಿಗಿಂತ ಗಟ್ಟಿಯಾಗಿ ಹಿಡಿದಿಡುತ್ತದೆ.

ತಂಡವನ್ನು ಹಗುರವಾಗಿ ಮೆಚ್ಚುವವರು ಸೋತಾಗ ದೂರ ಸರಿಯುತ್ತಾರೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಸಿಯಾಲ್ಡಿನಿ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಗೆದ್ದ ವಾರಾಂತ್ಯದ ನಂತರದ ಸೋಮವಾರ ಅದರ ಹೆಸರುಳ್ಳ ಉಡುಪು ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚುತ್ತಿದ್ದರು. ಸೋತ ಮರುದಿನವೂ ನೀಲಿ ಜೆರ್ಸಿ ತೊಡುವವನು ಹಾಗೆ ಸರಿದು ನಿಲ್ಲಲಾರ. ತಂಡ ಅವನ ಗುರುತಿನ ಒಂದು ಭಾಗವಾಗಿಬಿಟ್ಟಿದೆ. ಅವನಿಗೆ ‘ಬಿಟ್ಟುಬಿಡು’ ಎಂದು ಹೇಳುವುದು ಸಲಹೆಯೆನಿಸುವುದಿಲ್ಲ.

ಹಾಸನದ ಅಭಿಮಾನಿಗೆ ಇನ್ನೊಂದು ಕಷ್ಟವಿದೆ, ಅದರ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಬೆಂಗಳೂರಿನ ಅಭಿಮಾನಿ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಗುಂಪಿನ ನಡುವೆ ನಿಂತು ಸೋಲನ್ನು ನೋಡುತ್ತಾನೆ. ಸೋತ ಮೇಲೂ ಹಾಡುವವರು, ಬೈಯುವವರು, ಒಟ್ಟಿಗೆ ಚಹಾ ಕುಡಿಯುವವರು ಅವನ ಸುತ್ತ ಇರುತ್ತಾರೆ. ಹಾಸನದಿಂದ, ಸಕಲೇಶಪುರದಿಂದ, ಬೇಲೂರಿನಿಂದ ಹೋದವನು ರಾತ್ರಿ 7.30ರ ಪಂದ್ಯ ಮುಗಿಸಿ ಮೆಜೆಸ್ಟಿಕ್‌ಗೆ ಓಡಿ ಬಸ್ ಹಿಡಿಯಬೇಕು. ಊರು ತಲುಪುವ ನಾಲ್ಕು ಗಂಟೆ ಅವನು ಒಬ್ಬನೇ, ಕೈಯಲ್ಲಿ ಮೊಬೈಲ್, ಅದರಲ್ಲಿ ಎದುರಾಳಿ ಅಭಿಮಾನಿಗಳ ಗೇಲಿ. ಪಂದ್ಯವನ್ನು ಮನೆಯಲ್ಲೇ ನೋಡಿದವನ ಸ್ಥಿತಿಯೂ ಬೇರೆಯಲ್ಲ, ಏಕೆಂದರೆ ಕ್ರಿಕೆಟ್ಟಿನ ಸೋಲನ್ನು ಬೀದಿಯೇ ಹಂಚಿಕೊಳ್ಳುವ ನಮ್ಮ ಊರಿನಲ್ಲಿ ಫುಟ್‌ಬಾಲಿನ ಸೋಲಿಗೆ ಕಿವಿಗೊಡುವ ಪಕ್ಕದ ಮನೆಯವರು ಸಿಗುವುದಿಲ್ಲ. ಸುತ್ತಲಿನವರು ದುಃಖವೆಂದೇ ಒಪ್ಪದ ದುಃಖ ಹೆಚ್ಚು ದಿನ ಉಳಿಯುತ್ತದೆ ಎಂಬುದನ್ನು ನಾವು ಮನೋವೈದ್ಯರು ಬೇರೆ ಬಗೆಯ ಅಗಲಿಕೆಗಳಲ್ಲಿಯೂ ಕಾಣುತ್ತೇವೆ: ಸಾಕಿದ ನಾಯಿ ಸತ್ತಾಗ, ಗುಟ್ಟಾಗಿದ್ದ ಪ್ರೀತಿ ಮುರಿದಾಗ.

ಆದ್ದರಿಂದ ನನ್ನ ಸಲಹೆ ಬಹಳ ಸರಳ. ಪಂದ್ಯಕ್ಕೆ ಹೋಗುವಾಗ ಜೊತೆಗೊಬ್ಬರಿರಲಿ. ಊರಿನಲ್ಲಿ ನೋಡುವುದಾದರೆ ಇಬ್ಬರು ಮೂವರು ಒಂದೆಡೆ ಸೇರಿ ನೋಡಲಿ. ಸೋತ ರಾತ್ರಿ ಏನಾದರೂ ಉಂಡು, ಮೊಬೈಲನ್ನು ದೂರವಿಟ್ಟು ಮಲಗಬೇಕು, ಏಕೆಂದರೆ ಅದೇ ಗೋಲನ್ನು ಪದೇ ಪದೇ ನೋಡುವುದರಿಂದ ನಿದ್ರೆ ಕೆಡುತ್ತದೆಯೇ ಹೊರತು ಮನಸ್ಸು ಹಗುರಾಗುವುದಿಲ್ಲ. ಮರುದಿನ ಮನೆಯವರು ‘ನಿನಗೇನು ನಷ್ಟ?’ ಎನ್ನುವ ಬದಲು ‘ಗೋಲು ಹೇಗಾಯಿತು?’ ಎಂದು ಕೇಳಿದರೆ, ಆಟ ಗೊತ್ತಿಲ್ಲದಿದ್ದರೂ ಹತ್ತು ನಿಮಿಷ ಕೇಳಿಸಿಕೊಂಡರೆ, ನನ್ನ ಔಷಧಿಗಿಂತ ಹೆಚ್ಚಿನ ಕೆಲಸವಾಗುತ್ತದೆ.

ಎರಡು ಸಂಗತಿಗಳಲ್ಲಿ ಮಾತ್ರ ನಾನು ಬಿಗಿಯಾಗಿರುತ್ತೇನೆ. ಸೋಲಿನ ಸಿಟ್ಟು ಹೆಂಡತಿ ಮಕ್ಕಳ ಮೇಲೆ ಕೈಯಾಗಿ ಬೀಳುತ್ತಿದ್ದರೆ ಅದನ್ನು ಅಭಿಮಾನದ ಲೆಕ್ಕಕ್ಕೆ ಸೇರಿಸಲಾಗದು. ಪಂದ್ಯದ ಮೇಲೆ ಹಣ ಕಟ್ಟಿದವನ ಸಂಕಟವಂತೂ ಬೇರೆಯೇ ಜಾತಿಯದು. ಕಳೆದ ಹಣವನ್ನು ಮುಂದಿನ ಪಂದ್ಯದಲ್ಲಿ ಮರಳಿ ಪಡೆಯುವೆನೆಂದು ಸಾಲ ಮಾಡುತ್ತಿರುವ ಹುಡುಗ ಫುಟ್‌ಬಾಲಿನ ಮಾತನ್ನೇ ಆಡುತ್ತಿದ್ದರೂ ಅವನಿಗೆ ಜೂಜಿನ ಚಟಕ್ಕೆ ಚಿಕಿತ್ಸೆ ಬೇಕು, ಅದೂ ಬೇಗ ಬೇಕು.

ಸಾಮಾನ್ಯವಾಗಿ ಸೋಲಿನ ನೋವು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಎರಡು ವಾರ ಕಳೆದರೂ ನಿದ್ರೆ, ಊಟ, ಕೆಲಸ ಸರಿಹೋಗದಿದ್ದರೆ ಪಂದ್ಯದ ಹಿಂದೆ ಬೇರೇನೋ ಇದೆ ಎಂದು ತಿಳಿದು ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಎರಡು ವಾರ ಕಾಯಬಾರದು. ತಕ್ಷಣ ಜಿಲ್ಲಾ ಆಸ್ಪತ್ರೆಗೆ ಕರೆತರಬಹುದು, ಇಲ್ಲವೇ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಪಂದ್ಯಕ್ಕೂ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ, ಬಿಡಬಹುದೇ ಎಂದು ತಾಯಂದಿರು ಎದ್ದು ಹೊರಡುವ ಮುನ್ನ ಕೇಳುತ್ತಾರೆ. ಬಿಡಿ ಎನ್ನುತ್ತೇನೆ. ಮರುದಿನ ಪರೀಕ್ಷೆಯಿಲ್ಲದಿದ್ದರೆ, ಜೊತೆಗೊಬ್ಬ ಗೆಳೆಯನಿದ್ದರೆ, ರಾತ್ರಿ ಬೆಂಗಳೂರಿನಲ್ಲೇ ನೆಂಟರ ಮನೆಯಲ್ಲಿ ಮಲಗಿ ಬೆಳಗಿನ ರೈಲಿಗೋ ಬಸ್ಸಿಗೋ ಬರುವುದಾದರೆ ಖಂಡಿತ ಕಳುಹಿಸಿಕೊಡಿ.