ವಿಮಾನದ ಎಂಜಿನ್ ಸದ್ದು ಹುಡುಕೋಕೆ ಎರಡು ದಿನ ಯಾಕೆ?

ಪ್ರಶ್ನೆ: ನನ್ನ ಮಗ ಪೈಲಟ್ ತರಬೇತಿಯಲ್ಲಿದ್ದಾನೆ. ಮೊನ್ನೆ ಅವನ ಪುಟ್ಟ ವಿಮಾನದ ಎಂಜಿನ್‌ನಲ್ಲಿ ಏನೋ ಬೇರೆ ಥರ ಸದ್ದು ಬಂತು ಅಂತ ನಿಲ್ಲಿಸಿದರಂತೆ. ಎರಡು ದಿನವಾದರೂ ಹಾರಲು ಬಿಟ್ಟಿಲ್ಲ. ನಮ್ಮೂರಿನ ಬೈಕ್ ಮೆಕ್ಯಾನಿಕ್ ಕಿವಿಗೊಟ್ಟು ಐದೇ ನಿಮಿಷಕ್ಕೆ ಹೇಳಿಬಿಡ್ತಾನೆ. ಇವರಿಗೆ ಯಾಕೆ ಇಷ್ಟು ಹೊತ್ತು?
(ರೇಷ್ಮೆ ರೀಲರ್, ಶಿಡ್ಲಘಟ್ಟ)

ಸರ್, ಎರಡು ದಿನ ನಿಲ್ಲಿಸಿಕೊಂಡಿದ್ದಾರೆ ಅಂದರೆ ಆ ಹ್ಯಾಂಗರ್‌ನಲ್ಲಿ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತಲೇ ನಾನು ಅಂದುಕೊಳ್ಳುತ್ತೇನೆ. ಈ ಎಂಜಿನ್‌ಗಳ ಜೊತೆ ವರ್ಷಗಟ್ಟಲೆ ಇದ್ದವನು ನಾನು. ಬರೀ ಕಿವಿಯನ್ನು ನಂಬಿ, ಈ ವಿಮಾನ ಹಾರಬಹುದು ಅಂತ ಒಮ್ಮೆಯೂ ಸಹಿ ಹಾಕಿಲ್ಲ.

ನಿಮ್ಮ ರೀಲಿಂಗ್ ಯೂನಿಟ್‌ನ ಮೋಟಾರ್ ದಿನವಿಡೀ ಒಂದೇ ವೇಗದಲ್ಲಿ ಓಡುತ್ತದೆ. ಬೇರಿಂಗ್ ಸ್ವಲ್ಪ ಕೆಟ್ಟರೂ ಒಳಮನೆಯಲ್ಲಿ ಕೂತೇ ನಿಮಗೆ ಗೊತ್ತಾಗುತ್ತದೆ, ಅಲ್ವಾ? ಸೆಸ್ನಾ 172 ಥರದ ಪುಟ್ಟ ತರಬೇತಿ ವಿಮಾನದಲ್ಲಿ ಆ ಅನುಕೂಲ ಇಲ್ಲ. ಅದರಲ್ಲಿ ನಾಲ್ಕು ಸಿಲಿಂಡರ್. ನಿಮಿಷಕ್ಕೆ 2400 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್ ಸೆಕೆಂಡಿಗೆ 20 ಸಲ ಹೊತ್ತಿಕೊಳ್ಳುತ್ತದೆ, ನಾಲ್ಕೂ ಸೇರಿ 80. ಎರಡು ಅಲಗಿನ ಪ್ರೊಪೆಲ್ಲರ್ ಗಾಳಿಗೆ ಹೊಡೆಯುವುದೂ ಸೆಕೆಂಡಿಗೆ 80 ಸಲವೇ. ಎಲ್ಲ ಬೆರೆತು ಒಂದೇ ಗುಂಯ್ ಆಗುತ್ತದೆ. ಪೈಲಟ್ ಕಿವಿಯ ಮೇಲೆ ಹೆಡ್‌ಸೆಟ್ ಬೇರೆ. ಬೈಕ್ ಮೆಕ್ಯಾನಿಕ್ ಹಾಗೆ ಸ್ಕ್ರೂಡ್ರೈವರ್ ಒತ್ತಿ ಕೇಳೋಣ ಅಂದರೆ ಮುಂದೆ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಹತ್ತಿರ ಹೋಗುವಂತೆಯೇ ಇಲ್ಲ.

ಹಾಗಾಗಿ ನಾವು ಮೊದಲು ಕೇಳುವುದು ಎಂಜಿನ್‌ನ ಸದ್ದನ್ನಲ್ಲ, ಪೈಲಟ್‌ನ ಮಾತನ್ನು. ಯಾವಾಗ ಬಂತು? ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಇತ್ತು? ಎಂಜಿನ್ ಬಿಸಿಯಾಗಿತ್ತಾ, ತಣ್ಣಗಿತ್ತಾ? ಥ್ರಾಟಲ್ ಇಳಿಸಿದಾಗ ಸದ್ದು ಬದಲಾಯಿತಾ? ಈ ಕೊನೆಯ ಪ್ರಶ್ನೆಯ ಬೆಲೆ ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ಟೇಕಾಫ್ ಆದ ವಿಮಾನ ಮೂರೇ ನಿಮಿಷದಲ್ಲಿ ವಾಪಸ್ ಬಂತು. "ಎಂಜಿನ್ ಒಡೀತಿದೆ ಸರ್, ಡಬಡಬ ಅಂತ ಬಡೀತಿದೆ" ಎಂದ ಹುಡುಗನ ಕೈ ನಡುಗುತ್ತಿತ್ತು. ಥ್ರಾಟಲ್ ಇಳಿಸಿದಾಗ ಏನಾಯ್ತಪ್ಪಾ ಅಂದೆ. ಏನೂ ಬದಲಾಗಲಿಲ್ಲ ಅಂದ. ಹಾಗಾದರೆ ಸದ್ದು ಎಂಜಿನ್ನದಲ್ಲ ಅಂದುಕೊಂಡೆ. ಬಲಗಡೆ ಬಾಗಿಲ ಹತ್ತಿರ ಹೋಗಿ ನೋಡಿದರೆ ಸೀಟ್ ಬೆಲ್ಟಿನ ತುದಿ ಹೊರಗೆ ನೇತಾಡುತ್ತಿದೆ. ಬಕಲ್ ಬಡಿದ ಕಡೆ ಬಣ್ಣ ಎದ್ದುಹೋಗಿ ಅಂಗೈ ಅಗಲದ ಬಿಳಿ ಗುರುತು. ಆ ಹುಡುಗ ತಿರುಗಿ ಬಂದದ್ದು ನೂರಕ್ಕೆ ನೂರು ಸರಿ. ಮೇಲೆ ಕೂತು ಅದನ್ನೆಲ್ಲ ಲೆಕ್ಕ ಹಾಕುವ ಹೊತ್ತಲ್ಲ ಅದು.

ಸದ್ದು ಎಂಜಿನ್ನದೇ ಆಗಿದ್ದರೆ ಮುಂದಿನದು ಮ್ಯಾಗ್ನೆಟೊ, ಅಂದರೆ ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಸಾಧನ. ಪ್ರತಿ ಸಿಲಿಂಡರ್‌ಗೂ ಎರಡು ಸ್ಪಾರ್ಕ್ ಪ್ಲಗ್, ಎರಡು ಬೇರೆ ಬೇರೆ ಮ್ಯಾಗ್ನೆಟೊ. ಸೆಸ್ನಾ 172ಎಸ್‌ನಲ್ಲಿ 1800 ಆರ್‌ಪಿಎಂ ಇಟ್ಟು ಒಂದೊಂದನ್ನೇ ಆಫ್ ಮಾಡಿ ನೋಡುತ್ತಾರೆ. 150ಕ್ಕಿಂತ ಜಾಸ್ತಿ ಇಳಿಯಬಾರದು, ಎರಡರ ನಡುವೆ 50ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಎಂಜಿನ್ ನಡುಗಿದರೆ ಯಾವ ಸಿಲಿಂಡರ್ ಸುಮ್ಮನಿದೆ ಅಂತ ಹುಡುಕಬೇಕು. ಕೆಟ್ಟ ಮ್ಯಾಗ್ನೆಟೊ ಮೇಲೆಯೇ ಸ್ವಲ್ಪ ಓಡಿಸಿ, ಆಫ್ ಮಾಡಿ, ಪ್ರೊಪೆಲ್ಲರ್ ಮುಟ್ಟದೆ ಕೌಲಿಂಗ್ (ಎಂಜಿನ್ ಮೇಲಿನ ಮುಚ್ಚಳ) ಬಿಚ್ಚಿ, ಹೊಗೆ ಹೊರಹೋಗುವ ನಾಲ್ಕೂ ಎಕ್ಸಾಸ್ಟ್ ಪೈಪ್ ಮೇಲೆ ಹನಿ ಹನಿ ನೀರು. ಕಾವಲಿ ಕಾದಿದೆಯಾ ಅಂತ ದೋಸೆ ಹುಯ್ಯುವ ಮೊದಲು ನೋಡುತ್ತೀವಲ್ಲ, ಹಾಗೇ. ಮೂರು ಚುರ್ ಅನ್ನುತ್ತವೆ. ಅನ್ನದೆ ಉಳಿದದ್ದೇ ಕಳ್ಳ.

ಎಕ್ಸಾಸ್ಟ್ ಬಿರುಕಿದ್ದರೆ ಟಿಕ್ ಟಿಕ್ ಅನ್ನುತ್ತದೆ, ಜಾಗದಲ್ಲಿ ಬೂದು ಬಣ್ಣದ ಕಲೆ ಇರುತ್ತದೆ. ಇದನ್ನು ಸಣ್ಣದು ಅಂತ ಬಿಡಲೇಬಾರದು. ಕ್ಯಾಬಿನ್ ಹೀಟರ್‌ನ ಗಾಳಿ ಬಿಸಿಯಾಗುವುದು ಎಕ್ಸಾಸ್ಟಿನ ಮಫ್ಲರ್ ಸುತ್ತಲೇ. ಬಿರುಕು ಅಲ್ಲಿದ್ದರೆ ಕಾರ್ಬನ್ ಮಾನಾಕ್ಸೈಡ್ ನೇರ ಪೈಲಟ್ ಮೂಗಿಗೆ. ವಾಸನೆ ಬರುವುದಿಲ್ಲ.

ಆಮೇಲೆ ಕಂಪ್ರೆಷನ್. ಸಿಲಿಂಡರ್‌ಗೆ 80 ಪಿಎಸ್‌ಐ ಒತ್ತಡದ ಗಾಳಿ ತುಂಬಿ ಎಷ್ಟು ನಿಲ್ಲುತ್ತದೆ ಅಂತ ನೋಡುವುದು. ಕಿವಿ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ, ಎಂಜಿನ್ ನಿಂತಿರುವಾಗ. ಸುಯ್ ಅನ್ನುವ ಸದ್ದು ಎಕ್ಸಾಸ್ಟ್ ಪೈಪಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಎಳೆಯುವ ಕಡೆಯಿಂದ ಬಂದರೆ ಇಂಟೇಕ್ ವಾಲ್ವ್, ಎಂಜಿನ್ ಒಳಗಿನ ಗಾಳಿ ಹೊರಹೋಗುವ ಆಯಿಲ್ ಬ್ರೀದರ್‌ನಿಂದ ಬಂದರೆ ಪಿಸ್ಟನ್ ರಿಂಗ್. ಆಯಿಲ್ ಫಿಲ್ಟರನ್ನೂ ಕತ್ತರಿಸಿ, ಒಳಗಿನ ಕಾಗದ ಬಿಚ್ಚಿ ಲೋಹದ ಚೂರಿದೆಯಾ ನೋಡುತ್ತಾರೆ.

ಎಲ್ಲಕ್ಕಿಂತ ಸತಾಯಿಸುವ ದೋಷ ಒಂದಿದೆ. ಬಸುರಿಯರ ಬೆಳಗಿನ ವಾಕರಿಕೆಯ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ, ಮಾರ್ನಿಂಗ್ ಸಿಕ್‌ನೆಸ್ ಅಂತ. ಎಕ್ಸಾಸ್ಟ್ ವಾಲ್ವ್‌ ಜಾರುವ ಕೊಳವೆ, ಅಂದರೆ ಗೈಡ್ ಒಳಗೆ ಕರಿ ಕಟ್ಟಿಕೊಂಡು ವಾಲ್ವ್ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ಗಡಗಡ ನಡುಗುತ್ತದೆ. ಒಂದೆರಡು ನಿಮಿಷ, ಬಿಸಿಯಾಗುತ್ತಲೇ ಏನೂ ಆಗಿಲ್ಲವೆಂಬಂತೆ ನಯವಾಗಿ ಓಡುತ್ತದೆ. ಮಧ್ಯಾಹ್ನ ಎಷ್ಟು ಸಲ ಓಡಿಸಿದರೂ ಸಿಗುವುದಿಲ್ಲ. ಸಿಗಲಿಲ್ಲ ಅಂತ ಬಿಟ್ಟರೆ ಒಂದು ದಿನ ಗಾಳಿಯಲ್ಲೇ ವಾಲ್ವ್ ಪೂರ್ತಿ ಹಿಡಿದು, ಅದನ್ನು ತೆರೆಯಲು ತಳ್ಳುವ ಪುಶ್‌ರಾಡ್ ಬಗ್ಗಬಹುದು. ಅದಕ್ಕೇ ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಬೆಳಗಿನ ಚಳಿಯಲ್ಲಿ ಮೊದಲ ಸ್ಟಾರ್ಟ್‌ಗೇ ಎಂಜಿನಿಯರ್ ಪಕ್ಕದಲ್ಲಿ ನಿಲ್ಲಬೇಕು.

ಮಗನಿಗೆ ಫೋನ್ ಮಾಡಿದಾಗ ಕೇಳಿ ನೋಡಿ, ಆ ಸದ್ದು ಬಂದದ್ದು ದಿನದ ಮೊದಲ ಸ್ಟಾರ್ಟ್‌ನಲ್ಲೇನಾ ಅಂತ. ಹೌದು ಅಂದರೆ, ಎರಡನೇ ದಿನ ಯಾಕೆ ಬೇಕಾಯ್ತು ಅನ್ನುವುದಕ್ಕೆ ಉತ್ತರ ಸಿಕ್ಕಿತು.