ಕೈರೋದ ಆಡುಮಾತಿಗೊಂದು ಕಾಗುಣಿತ

ಕೈರೋದಲ್ಲಿ 'ಕತಬು' ಎಂದರೆ 'ಅವರು ಬರೆದರು' ಎಂದೂ ಆಗುತ್ತದೆ, 'ಅವನು ಅದನ್ನು ಬರೆದ' ಎಂದೂ ಆಗುತ್ತದೆ. ಕೊನೆಯ ಉಕಾರ ಎಳೆದರೆ, 'ಕತಬೂ', 'ಅವರು ಅದನ್ನು ಬರೆದರು'. ಮಾತಿನಲ್ಲಿ ಯಾರಿಗೂ ಗೊಂದಲವಿಲ್ಲ. ಆದರೆ ಮೊಬೈಲಿನಲ್ಲಿ ಮೂರಕ್ಕೂ ಕೊನೆಗೆ ಬರೀ 'ವಾವ್' (ಉಕಾರ ಸೂಚಿಸುವ ಅರಬ್ಬಿ ಅಕ್ಷರ) ಹಚ್ಚಿ ಮುಗಿಸಿದರೆ ಅನುವಾದ ಮಾಡುವ ಕಂಪ್ಯೂಟರ್ ತಬ್ಬಿಬ್ಬಾಗುತ್ತದೆ.

ಶಾಲೆಯ ಶಿಷ್ಟ ಅರಬ್ಬಿಗೆ ಕಟ್ಟುನಿಟ್ಟಾದ ಕಾಗುಣಿತವಿದೆ, ಮನೆಯ ಅರಬ್ಬಿಗೆ ಇಲ್ಲ. (ವಾಟ್ಸಾಪಿನಲ್ಲಿ ನಾವು 'ಬರ್ತೀನಿ', 'ಬರ್ತಿನಿ', 'ಬತ್ತೀನಿ' ಎಂದು ಬರೆಯುವ ಹಾಗೆಯೇ.) ಒಂದು ಪದಕ್ಕೆ ಒಂದೇ ರೂಪ ಇರಲೆಂದು ಗಣಕ ಭಾಷಾ ಸಂಶೋಧಕರಾದ ನಿಜಾರ್ ಹಬಾಶ್, ಮೋನಾ ದಿಯಾಬ್, ಓವೆನ್ ರಾಂಬೊ ಸೇರಿ 2012ರಲ್ಲಿ ಈಜಿಪ್ಟಿನ ಮಾತಿಗೆ 'ಕೋಡಾ' ಎಂಬ ಕಾಗುಣಿತದ ನಿಯಮಾವಳಿ ರೂಪಿಸಿದರು.

ಇದರ ಜಾಣತನವೆಲ್ಲ ಧಾತುವಿನ (ಪದದ ಮೂಲರೂಪದ) ವ್ಯಂಜನಗಳಲ್ಲಿದೆ. ಶಿಷ್ಟ ಅರಬ್ಬಿಯ 'ಖಾಫ್' ಅಕ್ಷರ ಕೈರೋದವರ ಬಾಯಲ್ಲಿ 'ಹಮ್ಜಾ', ಅಂದರೆ ಗಂಟಲಲ್ಲಿ ಉಸಿರು ಛಕ್ಕನೆ ತಡೆದ ಸದ್ದು. ಲೇಖನಿಯ 'ಖಲಮ್' (ನಮ್ಮ ಕಾನೂನಿನ 'ಕಲಂ' ಬಂದದ್ದು ಇದರಿಂದಲೇ) ಅಲ್ಲಿ 'ಅಲಮ್'. ನೋವಿಗೂ 'ಅಲಮ್' ಎಂದೇ ಹೆಸರು! ಕಿವಿಗೆ ಬಿದ್ದಂತೆ ಬರೆದರೆ ಲೇಖನಿ, ನೋವು ಎರಡೂ ಒಂದಾಗಿಬಿಡುತ್ತವೆ. ಈಜಿಪ್ಟಿನ ದಕ್ಷಿಣ ಭಾಗದ ಸಈದಿಗಳು ಅದನ್ನೇ 'ಗಲಮ್' ಎನ್ನುತ್ತಾರೆ. ಕೋಡಾ ಹೇಳುವಂತೆ ಖಾಫ್ ಉಳಿಸಿಕೊಂಡರೆ ಇಬ್ಬರ ಬರಹವೂ ಒಂದೇ.

ಪ್ರತ್ಯಯಗಳಿಗೂ ಇದೇ ಜಾಡು. 'ಅವರು ಬರೆದರು' ಎಂಬುದಕ್ಕೆ ವಾವ್, ಜತೆಗೆ ಉಚ್ಚಾರವಿಲ್ಲದ ಒಂದು 'ಅಲಿಫ್' ಅಕ್ಷರ; 'ಅವನು ಅದನ್ನು ಬರೆದ' ಎಂಬುದಕ್ಕೆ ಬರೀ 'ಹಾ'; ಮೂರನೆಯದಕ್ಕೆ ವಾವ್ ಮತ್ತು ಹಾ. ಹಾಗೆಂದು ವ್ಯಾಕರಣವನ್ನು ಶಿಷ್ಟಕ್ಕೆ ಬಗ್ಗಿಸುವುದಿಲ್ಲ. ನಿಷೇಧಕ್ಕೆ ಕೊನೆಯಲ್ಲಿ ಬರುವ 'ಶ್' ಆಡುಮಾತಿನದೇ, ಅದು ಉಳಿಯುತ್ತದೆ. ಭವಿಷ್ಯತ್ತಿನ ಉಪಸರ್ಗ 'ಹ'ವನ್ನು ಜನ ಎರಡು ಬೇರೆ ಅಕ್ಷರಗಳಲ್ಲಿ ಬರೆಯುತ್ತಾರೆ: ಮೇಲೆ ಹೇಳಿದ ಸಾದಾ 'ಹಾ', ಇಲ್ಲವೇ ಗಂಟಲಾಳದಿಂದ ಹೊರಡುವ ಇನ್ನೊಂದು 'ಹಾ'. ಕೋಡಾ ಗಂಟಲಾಳದ 'ಹಾ'ವನ್ನು ಆರಿಸಿಕೊಂಡಿತು. 2018ರ ಪರಿಷ್ಕರಣೆ ಇದೇ ವಿಧಾನವನ್ನು 28 ಅರಬ್ ನಗರಗಳ ಮಾತಿಗೆ ಹಿಗ್ಗಿಸಿತು.

ತೊಡಕು ಇಲ್ಲದಿಲ್ಲ. ಶಿಷ್ಟದ 'ಥಾ' ಅಕ್ಷರ ಕೈರೋದವರ ಬಾಯಲ್ಲಿ 'ತಲಾತಾ' (ಮೂರು) ಪದದಲ್ಲಿ ತ, 'ಮಸಲನ್' (ಉದಾಹರಣೆಗೆ) ಪದದಲ್ಲಿ ಸ. ಕಿವಿಗೆ ಬಿದ್ದ ಸ ನಿಜವಾಗಿ 'ಸೀನ್' ಅಕ್ಷರವೋ ಥಾ ಅಕ್ಷರವೋ ಎಂದು ತಿಳಿಯಲು ಶಿಷ್ಟ ಅರಬ್ಬಿ ಗೊತ್ತಿರಲೇಬೇಕು. ಅಕ್ಷರ ಕಲಿಯುವ ಮಗುವಿಗೆ ಇದು ಹೇಳಿಮಾಡಿಸಿದ್ದಲ್ಲ. ಬರಹದಿಂದ ಉಚ್ಚಾರಕ್ಕೆ ಮರಳುವ ದಾರಿಯೂ ಸಲೀಸಲ್ಲ: ಕೈರೋದ ಅರಬ್ಬಿ ಹೆಸರು 'ಅಲ್-ಖಾಹಿರಾ'ದಲ್ಲಿ ಅಲ್ಲಿನವರು ಖಾಫನ್ನು ಖಾಫಾಗಿಯೇ ಉಚ್ಚರಿಸುತ್ತಾರೆ. ಖಾಫ್ ಕಂಡಲ್ಲೆಲ್ಲ ಹಮ್ಜಾ ಓದುವ ಯಂತ್ರ ಊರಿನ ಹೆಸರಿನಲ್ಲೇ ಎಡವುತ್ತದೆ.